ಲಿನಕ್ಸ್‌ನಲ್ಲಿ ಡಾಸ್, ವಿಂಡೋಸ್ ಪ್ರೋಗ್ರಾಂಗಳು: ವೈನ್, ಡಾಸ್‌ಬಾಕ್ಸ್, ಡಾಸ್‌ಎಮು2, ವರ್ಚುವಲ್ ಮಷೀನ್

ವಿಂಡೋಸ್ ಪ್ರೋಗ್ರಾಂ ಆದರೆ ನಾನು ಮೊದಲು ವೈನ್‌ನಲ್ಲಿ ಹಾಕಿ ನೋಡುತ್ತೇನೆ. ಅಲ್ಲಿ ಓಡದಿದ್ದರೆ ವರ್ಚುವಲ್ ಮಷೀನ್, ಅಂದರೆ ಲಿನಕ್ಸ್ ಒಳಗೇ ಓಡುವ ಇನ್ನೊಂದು ನಕಲಿ ಕಂಪ್ಯೂಟರ್. ವಿಂಡೋಸ್‌ಗೂ ಮುಂಚಿನ, ಕಮಾಂಡ್ ಟೈಪ್ ಮಾಡಿ ನಡೆಸುವ ಡಾಸ್‌ನ ವಿಷಯ ಇಷ್ಟು ಸಲೀಸಲ್ಲ. ಅಲ್ಲಿ ಆಟ ಬೇರೆ, ಕೆಲಸ ಬೇರೆ.

ವೈನ್ ಶುರುವಾದದ್ದು 1993ರಲ್ಲಿ, 1.0 ಆವೃತ್ತಿ ಬಂದದ್ದು 2008ರಲ್ಲಿ. ಇದು ಎಮ್ಯುಲೇಟರ್ (ಇಡೀ ಯಂತ್ರವನ್ನೇ ಅನುಕರಿಸುವ ಸಾಫ್ಟ್‌ವೇರ್) ಅಲ್ಲ. ಪ್ರೋಗ್ರಾಂ ವಿಂಡೋಸ್‌ಗೆ ಕೊಡುವ ಕರೆಗಳನ್ನು ಲಿನಕ್ಸ್‌ನಂಥ ಯುನಿಕ್ಸ್ ಬಗೆಯ ವ್ಯವಸ್ಥೆಗೆ ತಿಳಿಯುವ ಹಾಗೆ ಮಾರ್ಪಡಿಸಿ ಕೊಡುತ್ತದೆ, ಅಷ್ಟೆ. ಹಾಗಾಗಿ ವೇಗಕ್ಕೆ ಕೊರತೆಯಿಲ್ಲ, ವಿಂಡೋಸ್ ಲೈಸೆನ್ಸೂ ಬೇಕಿಲ್ಲ. 64 ಬಿಟ್ ವಿಂಡೋಸೇ ಕೈಬಿಟ್ಟಿರುವ 16 ಬಿಟ್ ಪ್ರೋಗ್ರಾಂಗಳನ್ನು, ವಿಂಡೋಸ್ 3.1 ಕಾಲದವನ್ನೂ, 32 ಬಿಟ್ ಪ್ರಿಫಿಕ್ಸ್‌ನಲ್ಲಿ (ವೈನ್ ತನ್ನ ನಕಲಿ ಸಿ ಡ್ರೈವ್ ಇಡುವ ಫೋಲ್ಡರ್) ಇದು ಓಡಿಸಬಲ್ಲದು!

ಕಿರಿಕಿರಿಯೂ ಉಂಟು. ಒಂದು ಪ್ರೋಗ್ರಾಂಗೆಂದು ಹಾಕಿದ ಡಿಎಲ್‌ಎಲ್ (ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಫೈಲ್) ಇನ್ನೊಂದು ಪ್ರೋಗ್ರಾಮನ್ನು ಕೆಡಿಸಬಹುದು. ಅದಕ್ಕೇ ಪ್ರತಿಯೊಂದಕ್ಕೂ ಬೇರೆ ಪ್ರಿಫಿಕ್ಸ್ ಫೋಲ್ಡರ್ ಇಡುವುದು ನನ್ನ ರೂಢಿ. ಕೆಟ್ಟರೆ ಆ ಫೋಲ್ಡರ್ ಅಳಿಸಿದರಾಯಿತು. ಇನ್ನೊಂದು ಮಾತು: ವೈನ್ ತಾನಾಗಿಯೇ ‘ಜೆಡ್’ ಡ್ರೈವ್ ಎಂದು ನಿಮ್ಮ ಇಡೀ ಫೈಲ್ ಸಿಸ್ಟಮನ್ನು ತೋರಿಸುತ್ತದೆ. ವೈರಸ್ ಇರುವ ಫೈಲ್ ಓಡಿಸಿದರೆ ಹೋಮ್ ಫೋಲ್ಡರ್‌ಗೂ ಅದರ ಕೈ ಹೋಗುತ್ತದೆ. ಆ ಡ್ರೈವ್ ತೆಗೆದರೂ ಪೂರ್ತಿ ರಕ್ಷಣೆ ಸಿಕ್ಕಿತೆಂದು ತಿಳಿಯಬೇಡಿ.

ಡಾಸ್ ಆಟಗಳಿಗೆ ಡಾಸ್‌ಬಾಕ್ಸ್ ಬಿಟ್ಟರೆ ಬೇರೆ ಹುಡುಕಬೇಡಿ. 2002ರಿಂದ ಇರುವ ಇದು ಪ್ರೊಸೆಸರ್, ಹಳೆಯ ವಿಜಿಎ ಗ್ರಾಫಿಕ್ಸ್, ಸೌಂಡ್ ಬ್ಲಾಸ್ಟರ್ ಸೌಂಡ್ ಕಾರ್ಡ್ ಎಲ್ಲವನ್ನೂ ಸಾಫ್ಟ್‌ವೇರ್‌ನಲ್ಲೇ ಅನುಕರಿಸುತ್ತದೆ. ಆಟ ತೀರಾ ಜೋರಾಗಿ ಓಡಿದರೆ ಕಂಟ್ರೋಲ್ ಜೊತೆ ಎಫ್11 ಒತ್ತಿ ನಿಧಾನ ಮಾಡಬಹುದು, ಎಫ್12 ಒತ್ತಿ ಜೋರು ಮಾಡಬಹುದು. ಆದರೆ ದಿನನಿತ್ಯದ ಕೆಲಸಕ್ಕೆ ಒಗ್ಗುವುದಿಲ್ಲ. ಡಾಸ್‌ಬಾಕ್ಸ್‌ಗೆ ಮೌಂಟ್ ಮಾಡಿದ (ಡ್ರೈವ್ ಆಗಿ ಜೋಡಿಸಿದ) ಫೋಲ್ಡರ್‌ಗೆ ಲಿನಕ್ಸ್ ಕಡೆಯಿಂದ ಹೊಸ ಫೈಲ್ ಹಾಕಿದರೆ ಅದು ಡಾಸ್ ಒಳಗೆ ಕಾಣಿಸದು. ಕಂಟ್ರೋಲ್ ಎಫ್4 ಒತ್ತಿದ ಮೇಲೆಯೇ ಪಟ್ಟಿ ಹೊಸದಾಗುವುದು. ಮೂಲ ಡಾಸ್‌ಬಾಕ್ಸ್‌ನಲ್ಲಿ ಪ್ರಿಂಟರ್ ಪೋರ್ಟೂ ಇಲ್ಲ. ಅದು ಬೇಕಾದವರು ಅದರಿಂದಲೇ ಕವಲೊಡೆದ ಡಾಸ್‌ಬಾಕ್ಸ್-ಎಕ್ಸ್ ನೋಡಬಹುದು.

ಕ್ಲಿಪ್ಪರ್ ಎಂಬ ಡಾಸ್ ಕಾಲದ ಡೇಟಾಬೇಸ್ ಭಾಷೆಯಲ್ಲಿ ಬರೆದ ಹಳೆಯ ಲೆಕ್ಕದ ಪ್ರೋಗ್ರಾಂ ಓಡಿಸಲು ನನಗೆ ಹಿಡಿಸಿದ್ದು ಡಾಸ್‌ಎಮು2. ಮೊದಲಿನ ಡಾಸ್‌ಎಮು ಪ್ರೊಸೆಸರ್‌ನ ವರ್ಚುವಲ್ 8086 ಮೋಡನ್ನು (16 ಬಿಟ್ ಡಾಸ್ ಕೋಡ್ ನೇರವಾಗಿ ಓಡಿಸುವ ಸೌಲಭ್ಯ) ನೆಚ್ಚಿಕೊಂಡಿತ್ತು. 64 ಬಿಟ್ ಕರ್ನಲ್ ಬಂದಾಗ ಆ ಮೋಡ್ ಕೈತಪ್ಪಿತು. ಡಾಸ್‌ಎಮು2 ಅದರ ಬದಲು ಲಿನಕ್ಸ್ ಕರ್ನಲ್‌ನಲ್ಲೇ ಇರುವ ವರ್ಚುವಲ್ ಮಷೀನ್ ಸೌಲಭ್ಯವಾದ ಕೆವಿಎಂ ಬಳಸುತ್ತದೆ, ಅದು ಇಲ್ಲದ ಕಡೆ ಅನುಕರಣೆಗೆ ಇಳಿಯುತ್ತದೆ. ಡಾಸ್‌ನ ಪ್ರಿಂಟರ್ ಪೋರ್ಟ್ ಆದ ಎಲ್‌ಪಿಟಿ1ಕ್ಕೆ ಕಳಿಸಿದ್ದು ಲಿನಕ್ಸ್‌ನ ಪ್ರಿಂಟ್ ಸರದಿಗೇ ಸೇರುವಂತೆ ಮಾಡಬಹುದು. ಟರ್ಮಿನಲ್ ಮೋಡ್ ಇರುವುದರಿಂದ ಎಸ್‌ಎಸ್‌ಎಚ್‌ನಲ್ಲಿ ದೂರದಿಂದ ಲಾಗಿನ್ ಆಗಿ, ಗ್ರಾಫಿಕ್ಸ್ ಇಲ್ಲದೆಯೇ ಆ ನೀಲಿ ಪರದೆಯಲ್ಲಿ ವೋಚರ್ ತುಂಬಬಹುದು. ಸಂರಚನೆಯ ಫೈಲ್ ಮಾತ್ರ ತಾಳ್ಮೆ ಕೇಳುತ್ತದೆ. ಆಟಕ್ಕಾದರೆ ನನ್ನ ಆಯ್ಕೆ ಡಾಸ್‌ಬಾಕ್ಸೇ.

ವರ್ಚುವಲ್ ಮಷೀನ್ ನನ್ನ ಪಾಲಿಗೆ ಕೊನೆಯ ದಾರಿ. ಅದರಲ್ಲಿ ವಿಂಡೋಸ್ ಹಾಕಲು ಲೈಸೆನ್ಸ್ ಬೇಕು, ರ‍್ಯಾಮ್ ತಿನ್ನುತ್ತದೆ. ಆದರೂ ಕರ್ನಲ್ ಡ್ರೈವರ್ ಬೇಡುವ ಯುಎಸ್‌ಬಿ ಡಾಂಗಲ್ (ಪ್ರೋಗ್ರಾಂ ತೆರೆಯಲು ಚುಚ್ಚುವ ಲೈಸೆನ್ಸ್ ಕೀಲಿ) ಇದ್ದರೆ ವೈನ್ ಸಾಮಾನ್ಯವಾಗಿ ಕೈಚೆಲ್ಲುತ್ತದೆ, ಇಲ್ಲಿ ನಡೆಯುತ್ತದೆ. ಇದರಲ್ಲಿ ಡಾಸ್ ಹಾಕುವವರು ಫ್ಯಾನಿನ ಸದ್ದಿಗೆ ಕಿವಿಗೊಡಿ: ಸುಮ್ಮನಿರುವಾಗ ಪ್ರೊಸೆಸರ್‌ಗೆ ಬಿಡುವು ಕೊಡುವ ಅಭ್ಯಾಸ ಹಳೆಯ ಡಾಸ್‌ಗೆ ಇಲ್ಲ, ಖಾಲಿ ಪ್ರಾಂಪ್ಟ್ ತೋರಿಸುತ್ತಲೇ ಒಂದು ಕೋರ್ ಪೂರ್ತಿ ನುಂಗುತ್ತದೆ. ಉಚಿತ ಡಾಸ್ ಆದ ಫ್ರೀಡಾಸ್ ಹಾಕಿ, ವಿದ್ಯುತ್ ಉಳಿಸುವ ಅದರ ಎಫ್‌ಡಿಎಪಿಎಂ ಪ್ರೋಗ್ರಾಂ ಚಾಲೂ ಮಾಡಿದರೆ ಆ ಕಾಟ ತಪ್ಪುತ್ತದೆ.