ವೈದ್ಯರಿಗೆ ಹಣ ಹೇಗೆ ಬರುತ್ತದೆ? ನಾನು ಕಂಡ ಪಾವತಿ ಪದ್ಧತಿಗಳ ಹೋಲಿಕೆ

ರಕ್ತದೊತ್ತಡ ನನ್ನ ಹಳೆಯ ಸಂಗಾತಿ. ಅದಕ್ಕೆ ಹಣ ಸಂದಾಯವಾಗುವ ರೀತಿ ಮಾತ್ರ ಉದ್ಯೋಗ ಬದಲಾದ ಹಾಗೆಲ್ಲ ಬದಲಾಗಿದೆ. ಮೊದಲು ಕೈಯಿಂದ ನಗದು, ಆಮೇಲೆ ಖಾಸಗಿ ವಿಮೆ, ಸ್ವಲ್ಪ ಕಾಲ ತೆರಿಗೆ ಹಣದಲ್ಲಿ ನಡೆಯುವ ಆಸ್ಪತ್ರೆ. ಈಗ, ಹೆಸರು ನೋಂದಾಯಿಸಿಕೊಂಡ ಪ್ರತಿಯೊಬ್ಬರಿಗೆ ವರ್ಷಕ್ಕಿಷ್ಟು ಎಂದು ಚಿಕಿತ್ಸಾಲಯಕ್ಕೆ ಮೊದಲೇ ಕೊಟ್ಟುಬಿಡುವ ತಲಾವಾರು ಪದ್ಧತಿ. ನಡುವೆ ಒಂದು ಹರ್ನಿಯಾ ಶಸ್ತ್ರಚಿಕಿತ್ಸೆಯೂ ಆಯಿತು. ವೈದ್ಯರ ಜಾಣ್ಮೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕಾಣಲಿಲ್ಲ. ಅವರ ಕಣ್ಣು ಯಾವುದರ ಮೇಲೆ ಬೀಳುತ್ತದೆ, ಯಾವುದನ್ನು ದಾಟಿ ಹೋಗುತ್ತದೆ ಎನ್ನುವುದು ಮಾತ್ರ ಪ್ರತಿ ಸಲವೂ ಬೇರೆಯಾಗಿತ್ತು.

ಆದರ ಉಪಚಾರವನ್ನೇ ಗುಣಮಟ್ಟ ಎನ್ನುವುದಾದರೆ ನಗದೇ ಗೆಲ್ಲುತ್ತದೆ. ಕಾಯಿಸುವುದಿಲ್ಲ, ಸಮಾಧಾನವಾಗಿ ಮಾತನಾಡುತ್ತಾರೆ, ಫೋನ್ ಮಾಡಿದರೆ ಎತ್ತುತ್ತಾರೆ. ಪರೀಕ್ಷೆಗಳೂ ಸ್ವಲ್ಪ ಉದಾರವಾಗಿಯೇ ಬರುತ್ತವೆ, ಏಕೆಂದರೆ ಮಾಡಿದ ಪ್ರತಿ ಕೆಲಸಕ್ಕೂ ಶುಲ್ಕವಿದೆ. ಆದರೆ ನನ್ನ ರಕ್ತದೊತ್ತಡ ಅತ್ಯಂತ ಕೆಟ್ಟದಾಗಿದ್ದದ್ದು ಈ ಅವಧಿಯಲ್ಲೇ. ಕಾರಣ ವೈದ್ಯರಲ್ಲ. ನೋಯದ ಕಾಯಿಲೆಗೆ ಪ್ರತಿ ಸಲ ದುಡ್ಡು ತೆತ್ತು ಹೋಗುವವರು ಕಡಿಮೆ. ತಲೆ ಸಿಡಿದರೆ ಹೋಗುತ್ತಿದ್ದೆ. ಮಾತ್ರೆ ಮುಗಿದರೆ ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದೆ. ಇದು ನನ್ನೊಬ್ಬನ ಸ್ವಭಾವವಲ್ಲ. 1974ರಿಂದ 1982ರವರೆಗೆ ಅಮೆರಿಕದಲ್ಲಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಒಂದು ದೊಡ್ಡ ಪ್ರಯೋಗ ನಡೆಸಿತು. ಚೀಟಿ ಎತ್ತಿದಂತೆ ಕುಟುಂಬಗಳನ್ನು ಆರಿಸಿ, ಕೆಲವರಿಗೆ ಉಚಿತ ಚಿಕಿತ್ಸೆ, ಉಳಿದವರಿಗೆ ಖರ್ಚಿನಲ್ಲಿ ಬೇರೆ ಬೇರೆ ಪ್ರಮಾಣದ ಸ್ವಂತ ಪಾಲು ಎಂದು ಹಂಚಿತು. ಪಾಲು ಕೊಡಬೇಕಾದವರು ಆಸ್ಪತ್ರೆಗೆ ಹೋಗುವುದನ್ನು ಕಡಿಮೆ ಮಾಡಿದರು ನಿಜ, ಆದರೆ ಬೇಕಾದ ಚಿಕಿತ್ಸೆಯನ್ನೂ ಬೇಡವಾದದ್ದನ್ನೂ ಒಂದೇ ಸಮನೆ ಬಿಟ್ಟರು. ಬಹುಪಾಲು ಜನರ ಆರೋಗ್ಯದಲ್ಲಿ ಅದರಿಂದ ವ್ಯತ್ಯಾಸವಾಗಲಿಲ್ಲ. ಆದರೆ ರಕ್ತದೊತ್ತಡವಿದ್ದ ಬಡವರಲ್ಲಿ, ಉಚಿತ ಚಿಕಿತ್ಸೆ ಸಿಕ್ಕವರ ಒತ್ತಡ ಹೆಚ್ಚು ಹತೋಟಿಗೆ ಬಂತು.

ವಿಮೆ ಬಂದಾಗ ಆಸ್ಪತ್ರೆಗೆ ದಾಖಲಾಗಲು ನನಗಿದ್ದ ಹಿಂಜರಿಕೆ ಹೋಯಿತು, ಆಸ್ಪತ್ರೆಯವರಿಗೆ ಉತ್ಸಾಹ ಬಂತು. ನನ್ನ ಪಾಲಿಸಿ ಒಳರೋಗಿಯಾಗಿ ದಾಖಲಾದರೆ ಮಾತ್ರ ಹಣ ಕೊಡುತ್ತಿತ್ತು. ಅಂದರೆ ರಕ್ತದೊತ್ತಡದ ಮಾತ್ರೆಗೆ ಬಿಡಿಗಾಸೂ ಇಲ್ಲ, ಅದೇ ಒತ್ತಡದಿಂದ ಪಾರ್ಶ್ವವಾಯು ಬಡಿದರೆ ಪೂರ್ತಿ ಖರ್ಚು! ಇಂಥ ನಿಯಮ ಬರೆದವರಿಗೆ ವೈದ್ಯಶಾಸ್ತ್ರ ಗೊತ್ತಿರಲಿಕ್ಕಿಲ್ಲ, ಲೆಕ್ಕಶಾಸ್ತ್ರವೂ ಅಷ್ಟಕ್ಕಷ್ಟೇ.

ಹರ್ನಿಯಾಕ್ಕೆ ಮಾತ್ರ ಈ ಏರ್ಪಾಡು ಚೆನ್ನಾಗಿಯೇ ಒದಗಿತು. ಪೂರ್ವಾನುಮತಿಯ ಕಾಗದಗಳು ಓಡಾಡಿದ ಮೇಲೆ ಇಡೀ ಶಸ್ತ್ರಚಿಕಿತ್ಸೆಗೆ ಒಂದೇ ಪ್ಯಾಕೇಜ್ ದರ ನಿಗದಿಯಾಯಿತು. ಆಗ ಆಸ್ಪತ್ರೆಗೆ ಹೆಚ್ಚುವರಿ ಪರೀಕ್ಷೆ ಮಾಡಿಸಿ ಲಾಭವಿಲ್ಲ, ಹಾಸಿಗೆ ಬೇಗ ಖಾಲಿಯಾದರೆ ಲಾಭ. ಮರುದಿನವೇ ಮನೆಗೆ ಕಳುಹಿಸಿದರು. ನನಗೆ ತೊಂದರೆಯಾಗಲಿಲ್ಲ, ಆದರೆ ಆಮೇಲೆ ಹೇಗಿದ್ದೀರಿ ಎಂದು ಯಾರೂ ಕೇಳಲೂ ಇಲ್ಲ. ಅಮೆರಿಕದಲ್ಲಿ ಮುಖ್ಯವಾಗಿ ವೃದ್ಧರಿಗಿರುವ ಸರ್ಕಾರಿ ವಿಮೆಯಾದ ಮೆಡಿಕೇರ್ 1983ರಲ್ಲಿ ರೋಗದ ಗುಂಪಿಗೆ ಇಷ್ಟು ಎಂಬ ನಿಗದಿತ ದರ ಜಾರಿಗೆ ತಂದಾಗಲೂ ಆಸ್ಪತ್ರೆವಾಸ ಮೊಟಕಾಯಿತು. ಸಾವು ಹೆಚ್ಚಲಿಲ್ಲ, ಆದರೆ ಪೂರ್ತಿ ಚೇತರಿಸಿಕೊಳ್ಳದೆ ಮನೆಗೆ ಹೋದವರ ಪ್ರಮಾಣ ಏರಿತು. ಡಿಸ್ಚಾರ್ಜ್ ಆದವರು ಅತಿಯಾಗಿ ಮರಳಿ ದಾಖಲಾಗುವ ಆಸ್ಪತ್ರೆಗಳ ಹಣ ಕಡಿತ ಮಾಡುವ ನಿಯಮ ಅಲ್ಲಿ ಜಾರಿಗೆ ಬಂದದ್ದು 2012ರಲ್ಲಿ.

ತೆರಿಗೆ ಹಣದ ಆಸ್ಪತ್ರೆಯಲ್ಲಿ ಸಂಬಳದ ವೈದ್ಯರು. ನನಗೆ ಅಲ್ಲಿ ಬೇಡವಾದ ಒಂದು ಪರೀಕ್ಷೆಯನ್ನೂ ಬರೆದುಕೊಡಲಿಲ್ಲ. ಮಾತ್ರೆ ಉಚಿತ. ಕಾಯುವುದೇ ಅಲ್ಲಿನ ಶುಲ್ಕ. ಹರ್ನಿಯಾ ತುರ್ತಿನದಲ್ಲವೆಂದು ಸರದಿಯ ಪಟ್ಟಿಗೆ ಸೇರಿಸಿದ್ದರು. ಆ ಪಟ್ಟಿ ಮುಂದೆ ಸರಿಯುವ ಲಕ್ಷಣ ಕಾಣದಿದ್ದಾಗಲೇ ನಾನು ಮತ್ತೆ ವಿಮೆಯ ಕಡೆ ತಿರುಗಿದ್ದು. 1948ರಲ್ಲಿ ಶುರುವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನೂ ಇದೇ ಸರದಿ ಇಂದಿಗೂ ಕಾಡುತ್ತಿದೆ. ಬೊಕ್ಕಸ ಬಿಗಿಯಾದಾಗ ಅದು ಬಿಲ್ಲಿನಲ್ಲಿ ಕಾಣುವುದಿಲ್ಲ, ದಿನಾಂಕದಲ್ಲಿ ಕಾಣುತ್ತದೆ.

ತಲಾವಾರು ಪದ್ಧತಿಯ ಬಗ್ಗೆ ನನಗೆ ಮೊದಲು ಅನುಮಾನವಿತ್ತು. ಹಣ ಮೊದಲೇ ಸಿಕ್ಕಿದ ಮೇಲೆ ನನ್ನನ್ನು ಯಾರು ನೋಡುತ್ತಾರೆ? ಆದದ್ದು ಬೇರೆ. ನಾನು ಹೋಗದಿದ್ದಾಗ ದಾದಿಯೊಬ್ಬರು ಫೋನ್ ಮಾಡಿ ಕರೆದರು. ಮಾತ್ರೆ ಬಿಟ್ಟೆನೋ ಎಂದು ಕೇಳಿದರು, ಮನೆಯಲ್ಲೇ ಒತ್ತಡ ಅಳೆದು ಬರೆದಿಡಲು ಹೇಳಿಕೊಟ್ಟರು. ನಾನು ಹಾಸಿಗೆ ಹಿಡಿದರೆ ಅವರ ಕೆಲಸ ಹೆಚ್ಚುತ್ತದೆ, ಆದಾಯ ಹೆಚ್ಚುವುದಿಲ್ಲ. ರಕ್ತದೊತ್ತಡ ಹತೋಟಿಗೆ ಬಂದು ನಿಂತದ್ದು ಇಲ್ಲೇ. ಥಾಯ್ಲೆಂಡ್ 2002ರಲ್ಲಿ ಎಲ್ಲರಿಗೂ ಆರೋಗ್ಯ ರಕ್ಷಣೆ ಕೊಡಲು ಹೊರಟಾಗ ಹೊರರೋಗಿಗಳಿಗೆ ತಲಾವಾರು, ಒಳರೋಗಿಗಳಿಗೆ ರೋಗದ ಗುಂಪಿನ ದರ ಎಂದು ಎರಡನ್ನೂ ಬೆರೆಸಿತು. ನನ್ನ ಅನುಭವವೂ ಆ ಬೆರಕೆಯ ಪರವೇ.

ಹಾಗೆಂದು ಇದಕ್ಕೆ ಪೂರ್ಣ ಅಂಕ ಕೊಡಲಾರೆ. ಮಂಡಿನೋವಿಗೆ ತಜ್ಞರ ಬಳಿ ಕಳುಹಿಸಿ ಎಂದರೆ ಕೈ ಬಿಗಿ. ಆ ಖರ್ಚು ಅವರ ಗಂಟಿನಿಂದಲೇ ಹೋಗಬೇಕು. ಮೇಲಾಗಿ ರಕ್ತದೊತ್ತಡವನ್ನು ಹತೋಟಿಯಲ್ಲಿ ಇಟ್ಟುಕೊಂಡ ರೋಗಿಗಳ ಲೆಕ್ಕಕ್ಕೆ ಅವರಿಗೆ ಪ್ರೋತ್ಸಾಹಧನವಿದೆ. ಬ್ರಿಟನ್ನಿನ ಕುಟುಂಬ ವೈದ್ಯರಿಗೂ 2004ರಿಂದ ಇಂಥ ಅಂಕಪದ್ಧತಿ ಬಂತು. ಮಂಡಿಗೆ ಅಂಥ ಅಂಕವಿಲ್ಲ. ಭೇಟಿಯ ಮೊದಲ ಅರ್ಧವೆಲ್ಲ ಅಳತೆಪಟ್ಟಿಯಲ್ಲಿ ಕಳೆದು, ಮಂಡಿಯ ವಿಷಯ ಎತ್ತುವ ಹೊತ್ತಿಗೆ ವೈದ್ಯರು ಎದ್ದು ನಿಂತಿರುತ್ತಾರೆ. ಈಗೀಗ ಒಳಗೆ ಕಾಲಿಡುತ್ತಲೇ ಮಂಡಿಯ ಮಾತನ್ನೇ ಮೊದಲು ತೆಗೆಯುತ್ತೇನೆ.

ಸದ್ಯಕ್ಕೆ ದೀರ್ಘಕಾಲದ ಕಾಯಿಲೆಗೆ ತಲಾವಾರು ಚಿಕಿತ್ಸಾಲಯ, ಶಸ್ತ್ರಚಿಕಿತ್ಸೆಗೆ ಪ್ಯಾಕೇಜ್ ದರದ ವಿಮೆ ಎಂದು ಇಟ್ಟುಕೊಂಡಿದ್ದೇನೆ. ಹಲ್ಲು ಎರಡಕ್ಕೂ ಸೇರಿಲ್ಲ. ಕೆನಡಾದ ಸಾರ್ವಜನಿಕ ವಿಮೆಯೇ ಹಲ್ಲನ್ನು ದಶಕಗಳ ಕಾಲ ಹೊರಗಿಟ್ಟಿತ್ತು. ಹೀಗಾಗಿ ಹಲ್ಲಿಗೆ ಇಂದಿಗೂ ನಗದೇ; ಎಡ ದವಡೆಯದೊಂದು ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ, ತೋರಿಸುವುದನ್ನು ಮುಂದೂಡುತ್ತಲೇ ಇದ್ದೇನೆ.