ಐದು ವರ್ಷದಿಂದ ಕಾನ್ಸೆಪ್ಟ್ ಮ್ಯಾಪ್: 5ರಲ್ಲಿ 4 ಅಂಕ

ಕಾನ್ಸೆಪ್ಟ್ ಮ್ಯಾಪ್ ಅಂದರೆ ರೋಗಿಯ ತೊಂದರೆ, ಔಷಧಿ ಎಲ್ಲ ಚೌಕಗಳಲ್ಲಿ ಬರೆದು ಗೆರೆಯಿಂದ ಜೋಡಿಸುವ ಚಿತ್ರ. ಬಿಎಸ್ಸಿ ನರ್ಸಿಂಗ್ ಓದುವಾಗ ಮೇಡಂ ಬರೆಯಲೇಬೇಕು ಅಂದರು ಅಂತ ಶುರು ಮಾಡಿದ್ದು. ಈಗ ಮಂಗಳೂರಿನ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿದ್ದೇನೆ. ಯಾರೂ ಕೇಳುವುದಿಲ್ಲ, ಆದರೂ ಬರೆಯುತ್ತೇನೆ.

ಮೊದಲ ವರ್ಷ ಸುಮ್ನೆ ಹಿಂಸೆ. ಹಾಳೆಯ ನಡುವೆ ರೋಗಿ, ಸುತ್ತ ನಲವತ್ತು ಚೌಕ, ನಾಲ್ಕು ಬಣ್ಣದ ಸ್ಕೆಚ್ ಪೆನ್. ಮಾರ್ಕ್ಸ್ ಬಂತು. ಬೆಡ್ ಪಕ್ಕ ನಿಂತರೆ ಮಾತ್ರ ತಲೆ ಖಾಲಿ! ತಪ್ಪು ನನ್ನದೇ. ಗೆರೆ ಎಳೆಯುತ್ತಿದ್ದೆ, ಗೆರೆಯ ಮೇಲೆ ಏನೂ ಬರೆಯುತ್ತಿರಲಿಲ್ಲ. 1972ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ಸಂಶೋಧಕ ಜೋಸೆಫ್ ನೊವಾಕ್ ತಂಡ ಈ ಮ್ಯಾಪ್ ಕಂಡುಕೊಂಡದ್ದು ಮಕ್ಕಳಿಗೆ ವಿಜ್ಞಾನ ಎಷ್ಟು ಅರ್ಥವಾಗಿದೆ ಅಂತ ನೋಡಲು. ಅದರಲ್ಲಿ ಗೆರೆಯ ಮೇಲಿನ ಎರಡು ಪದವೇ ಮುಖ್ಯ.

ಹಾರ್ಟ್ ಫೇಲ್ಯೂರ್ ಆದ ಒಬ್ಬರು ಅಜ್ಜಿ ಅಂದುಕೊಳ್ಳಿ. ಕಾಲು ಊತ, ಫ್ರುಸೆಮೈಡ್ (ಮೂತ್ರ ಹೆಚ್ಚಿಸಿ ನೀರಿಳಿಸುವ ಮಾತ್ರೆ), ಡೈಗಾಕ್ಸಿನ್ (ಹೃದಯದ ಬಡಿತ ನಿಧಾನಿಸುವ ಮಾತ್ರೆ). ನನ್ನ ಹಾಳೆಯಲ್ಲಿ ಫ್ರುಸೆಮೈಡ್‌ನಿಂದ ಮೂರು ಗೆರೆ ಹೊರಡುತ್ತವೆ. ಒಂದು ಊತಕ್ಕೆ, ‘ಇಳಿಸುತ್ತದೆ’. ಇನ್ನೊಂದು ಪೊಟ್ಯಾಷಿಯಂಗೆ, ‘ಕಡಿಮೆ ಮಾಡುತ್ತದೆ’. ಅಲ್ಲಿಂದ ಡೈಗಾಕ್ಸಿನ್‌ಗೆ, ‘ನಂಜಾಗಬಹುದು’. ಹಾಗಾಗಿ ಪಲ್ಸ್ ನೋಡದೆ ಡೈಗಾಕ್ಸಿನ್ ಕೊಡುವಂತಿಲ್ಲ. ಮೂರನೆಯದು ರಾತ್ರಿ ಮೂತ್ರಕ್ಕೆ, ಅಲ್ಲಿಂದ ‘ಕತ್ತಲಲ್ಲಿ ಎದ್ದು ಬೀಳಬಹುದು’. ಫ್ರುಸೆಮೈಡ್‌ನ ಎರಡನೇ ಡೋಸ್ ರಾತ್ರಿ 8ಕ್ಕೆ ಇದ್ದರೆ, ಸಂಜೆ 4ಕ್ಕೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳಲು ಆಗ ಹೊಳೆಯುತ್ತದೆ. ನರ್ಸ್‌ಗಳು ಆರೈಕೆ ಬರೆದಿಡುವ, ಕಾಲಂ ಹಾಕಿದ ಕೇರ್ ಪ್ಲಾನ್‌ನಲ್ಲಿ ಊತ ಮೊದಲ ಪುಟದಲ್ಲಿ, ಬೀಳುವ ಅಪಾಯ ಮೂರನೇ ಪುಟದಲ್ಲಿ. ಒಂದಕ್ಕೊಂದು ಮುಖ ನೋಡುವುದೇ ಇಲ್ಲ.

ಮನೆಯಿಂದ ಗಂಜಿ ಜೊತೆ ಬರುವ ಒಣಮೀನು ಚಟ್ನಿಗೂ ಒಂದು ಚೌಕ ಬೇಕು. ಊತ ಹೆಚ್ಚಿಸುವ ಉಪ್ಪು ಅಲ್ಲೇ ಇರುವುದು ಅಲ್ವಾ?

ಒಂದು ಅಂಕ ಕಳೆದದ್ದು ಸಮಯಕ್ಕೆ. ಹತ್ತು ಹನ್ನೆರಡು ಬೆಡ್ ಇರುವ ದಿನ ಎಲ್ಲರಿಗೂ ಬರೆಯಲು ಆಗುವುದಿಲ್ಲ. ಕಾಯಿಲೆ ಜಾಸ್ತಿ ಗೋಜಲಾಗಿರುವ ಒಬ್ಬಿಬ್ಬರಿಗೆ ಸಾಕು. ಫ್ಲೋರಿಡಾದ ಐಎಚ್‌ಎಂಸಿ ಸಂಶೋಧನಾ ಸಂಸ್ಥೆ ಕೊಡುವ ಸಿಮ್ಯಾಪ್‌ಟೂಲ್ಸ್ ಎಂಬ ಮ್ಯಾಪ್ ಬಿಡಿಸುವ ಸಾಫ್ಟ್‌ವೇರ್ ಉಚಿತ, ಕಾಲೇಜು ಅಸೈನ್‌ಮೆಂಟಿಗೆ ಚೆನ್ನಾಗಿದೆ. ಡ್ಯೂಟಿಯಲ್ಲಿ ಲ್ಯಾಪ್‌ಟಾಪ್ ತೆಗೆದು ಕೂರುವವರು ಯಾರು? ಪೆನ್ಸಿಲ್, ರಬ್ಬರ್ ಸಾಕು. ಮಧ್ಯಾಹ್ನ ಲ್ಯಾಬ್ ರಿಪೋರ್ಟ್ ಬಂದರೆ ಅರ್ಧ ಅಳಿಸಬೇಕಾಗುತ್ತದೆ.

ಡ್ಯೂಟಿ ಬದಲಾಗುವಾಗ ರೋಗಿಯ ವಿವರ ಒಪ್ಪಿಸುವ ಹ್ಯಾಂಡೋವರ್‌ಗೂ ಒಮ್ಮೆ ಇದನ್ನೇ ಕೊಟ್ಟೆ. ನೈಟ್ ಡ್ಯೂಟಿಗೆ ಬಂದವಳು, “ಎಂತ ಮಾರಾಯ್ತಿ ಇದು, ರಂಗೋಲಿಯಾ?” ಅಂದಳು. ಅಂದಿನಿಂದ ಮ್ಯಾಪ್ ನನ್ನ ಕಿಸೆಯಲ್ಲಿ, ಅವಳಿಗೆ ಬಾಯಲ್ಲಿ ನಾಲ್ಕು ಮಾತು. ಹೆಸರು, ಬೆಡ್ ನಂಬರ್ ಏನೂ ಬರೆದಿರುವುದಿಲ್ಲ. ಡ್ಯೂಟಿ ಮುಗಿದ ಕೂಡಲೇ ಹರಿದು ಹಾಕುತ್ತೇನೆ.