ಎಲೆಕ್ಟ್ರಿಕ್ ಕಾರಿನ ಸದ್ದಿಗೆ ಕಾರಣ ಹುಡುಕಿಕೊಟ್ಟ ಬಳ್ಳಾರಿಯ ಗ್ಯಾರೇಜ್

ಬಳ್ಳಾರಿಯಿಂದ ತೋರಣಗಲ್ಲಿಗೆ ದಿನವೂ ಕೆಲಸಕ್ಕೆ ಹೋಗಿಬರುವ ನಾನು ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರೊಂದನ್ನು ಕೊಂಡೆ. ಮೂರು ತಿಂಗಳು ಕಳೆಯುವಷ್ಟರಲ್ಲಿ, ವೇಗ 50 ಕಿ.ಮೀ. ದಾಟಿದೊಡನೆ ಮುಂಭಾಗದಿಂದ ಗುಂಯ್ ಎಂಬ ಸದ್ದು ಏಳತೊಡಗಿತು. ಪೆಟ್ರೋಲ್ ಕಾರಿನಲ್ಲಾಗಿದ್ದರೆ ಎಂಜಿನ್ನಿನ ಗದ್ದಲದಲ್ಲಿ ಅದು ಅಡಗಿಹೋಗುತ್ತಿತ್ತೇನೋ. ಈ ನಿಶ್ಶಬ್ದ ಗಾಡಿಯಲ್ಲಿ ಮಾತ್ರ ಕಿವಿಗೆ ಕೂತೇಬಿಟ್ಟಿತು. ಮೊದಲು ತೋರಿಸಿದ ದೊಡ್ಡ ವರ್ಕ್‌ಶಾಪಿನವರು ಗಾಡಿಯನ್ನು ರಸ್ತೆಗೆ ಇಳಿಸಿಯೂ ನೋಡದೆ, ಮೋಟಾರು ಮತ್ತು ಗೇರ್‌ಬಾಕ್ಸ್ ಎರಡನ್ನೂ ಬದಲಿಸಬೇಕೆಂದು ಲಕ್ಷಕ್ಕೂ ಮೀರಿದ ಅಂದಾಜುಪಟ್ಟಿ ಕೈಗಿತ್ತರು. ಆ ರಾತ್ರಿ ನಿದ್ದೆ ಬರಲಿಲ್ಲ.

ಅನಂತಪುರ ರಸ್ತೆಯ ಈ ಸಣ್ಣ ಗ್ಯಾರೇಜಿಗೆ ಹೋದದ್ದು ಸಹೋದ್ಯೋಗಿಯೊಬ್ಬರ ಮಾತಿನ ಮೇಲೆ. “ಬಿಚ್ಚೋದು ಆಮೇಲೆ ಸರ್, ಮೊದಲು ಓಡಿಸಿ ತೋರಿಸ್ರಿ” ಎಂದು ಮೇಸ್ತ್ರಿಗಳು ಪಕ್ಕದ ಸೀಟಿನಲ್ಲಿ ಕೂತು, ಏಸಿಯನ್ನೂ ಬ್ಲೋವರನ್ನೂ ಆರಿಸಿ, ಗಾಜು ಏರಿಸಿದರು. 60ರ ವೇಗದಲ್ಲಿ ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ಒತ್ತಿಸಿದರು, ಒಮ್ಮೆ ಪೂರ್ತಿ ಬಿಡಿಸಿದರು. ಎರಡು ಸಲವೂ ಸದ್ದು ಒಂದೇ ತೆರನಾಗಿತ್ತು. ಗೇರಿನ ಹಲ್ಲುಗಳಲ್ಲಿ ದೋಷವಿದ್ದರೆ ಭಾರ ಬಿದ್ದಾಗ ಒಂದು ರೀತಿ, ಭಾರ ಇಳಿದಾಗ ಇನ್ನೊಂದು ರೀತಿ ಕೇಳಿಸುವುದೇ ಹೆಚ್ಚು ಎಂದು ಅವರು ವಿವರಿಸಿದರು. ಖಾಲಿ ರಸ್ತೆಯಲ್ಲಿ ಸ್ಟೀರಿಂಗನ್ನು ಮೆಲ್ಲಗೆ ಬಲಕ್ಕೆ ಎಳೆದಾಗ ಸದ್ದು ಏರಿತು, ಎಡಕ್ಕೆ ಎಳೆದಾಗ ಇಳಿಯಿತು. ಬಲಕ್ಕೆ ಹೊರಳುವಾಗ ಗಾಡಿಯ ಭಾರ ಎಡಗಾಲಿಗಳ ಮೇಲೆ ಬೀಳುವುದರಿಂದ ಅವರ ಅನುಮಾನ ಮುಂದಿನ ಎಡಗಾಲಿಯ ಬೇರಿಂಗಿನ ಮೇಲೆ ಹೋಯಿತು.

ಗ್ಯಾರೇಜಿಗೆ ಮರಳಿ, ಆ ಗಾಲಿಯನ್ನು ಜ್ಯಾಕಿನ ಮೇಲೆ ಎತ್ತಿ, ಸಸ್ಪೆನ್ಷನ್ ಸ್ಪ್ರಿಂಗಿನ ಮೇಲೆ ನನ್ನ ಬೆರಳುಗಳನ್ನು ಇಡಿಸಿ ಗಾಲಿ ತಿರುಗಿಸಿದರು. ಒಳಗೆ ಮರಳು ಅರೆಯುತ್ತಿರುವಂತಹ ಸಣ್ಣ ನಡುಕ ಬೆರಳಿಗೆ ತಾಕಿತು. ಬಲಗಾಲಿಯ ಸ್ಪ್ರಿಂಗು ಸುಮ್ಮನಿತ್ತು. ಯಾವ ಅಂದಾಜುಪಟ್ಟಿಯೂ ಕೊಡದ ನಂಬಿಕೆ ನನಗೆ ಆ ಕ್ಷಣದಲ್ಲಿ ಬಂತು.

ಬೆಳಿಗ್ಗೆ ಗಾಡಿ ನಿಲ್ಲಿಸುವಾಗ ಬರುತ್ತಿದ್ದ ಕರಕರ ಸದ್ದು ಬೇರೆಯದೇ ಆಗಿತ್ತು. ಎಲೆಕ್ಟ್ರಿಕ್ ಕಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಮೋಟಾರೇ ಜನರೇಟರಾಗಿ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡುಗಳಿಗೆ ಕೆಲಸ ಕಡಿಮೆ. ಉಜ್ಜಾಟವಿಲ್ಲದ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನುಗಳು ಬಿಗಿದುಕೊಳ್ಳುತ್ತವೆ. ಇದರ ಮೇಲೆ ನಮ್ಮ ರಸ್ತೆಯ ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳು. ಬಿಚ್ಚಿದ ಪಿನ್ನುಗಳಲ್ಲಿ ಒಂದರ ಮೇಲೆ ಗ್ರೀಸು ಮತ್ತು ಧೂಳು ಸೇರಿ ಕುಂಕುಮದ ಬಣ್ಣದ ಗಟ್ಟಿ ಪದರವಾಗಿತ್ತು. ಅದನ್ನು ಕೆರೆದು, ಹೊಸ ಗ್ರೀಸು ಹಾಕಿ ಕೂರಿಸಿದರು. ಕಾರು ಚಾಲೂ ಮಾಡುವಾಗ ಬರುವ ಟಕ್ ಸದ್ದು ಬ್ಯಾಟರಿಯ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚು ಕೂಡಿಕೊಳ್ಳುವುದರಿಂದ ಬರುವಂಥದ್ದು, ಚಾರ್ಜಿಂಗ್ ವೇಳೆಯ ಗುನುಗು ಕೂಲಿಂಗ್ ಪಂಪು ಮತ್ತು ಫ್ಯಾನಿನದು, ಎರಡೂ ಸಹಜ ಎಂದು ಹೇಳಿದರು. ಅವುಗಳಿಗೆ ದುಡ್ಡು ಕೇಳಲಿಲ್ಲ.

ಬೇರಿಂಗ್ ಬೆಂಗಳೂರಿನಿಂದ ಬರಬೇಕಾದ್ದರಿಂದ ನಾಲ್ಕು ದಿನ ಕಾಯಬೇಕಾಯಿತು, ಬರುವುದು ತಡವೆಂದು ಮೊದಲೇ ತಿಳಿಸಿದ್ದರೆ ಚೆನ್ನಾಗಿತ್ತು. ಸಾಮಾನು, ಕೂಲಿ ಸೇರಿ 6,800 ರೂಪಾಯಿ ಆಯಿತು. ಕೈಬರಹದ ಬಿಲ್ಲಿನಲ್ಲಿ ಪ್ರತಿಯೊಂದೂ ಬಿಡಿಬಿಡಿಯಾಗಿತ್ತು, ಹಳೆಯ ಬೇರಿಂಗನ್ನೂ ಕೈಗೆ ಕೊಟ್ಟರು. ಈಗ ಐದು ತಿಂಗಳಿಂದ ಗಾಡಿಯಲ್ಲಿ ಟೈರಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿಲ್ಲ. ಆದರೆ ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ಲುಗಳನ್ನು, ಬ್ಯಾಟರಿಯನ್ನು ಇವರು ಮುಟ್ಟುವುದಿಲ್ಲ. ಅದಕ್ಕೆ ತರಬೇತಿ ಪಡೆದವರೇ ಬೇಕೆಂದು ನೇರವಾಗಿ ಹೇಳುತ್ತಾರೆ, ಹಾಗೆ ಹೇಳಿದ್ದರಿಂದ ನನ್ನ ಗೌರವ ಇನ್ನೂ ಹೆಚ್ಚಿತು. ಭಾನುವಾರ ರಜೆ. ಬೆಳಿಗ್ಗೆ ಹತ್ತರೊಳಗೆ ಹೋದರೆ ಜೊತೆಯಲ್ಲಿ ಕೂತು ಓಡಿಸಿ ನೋಡಲು ಅವರಿಗೆ ಬಿಡುವಿರುತ್ತದೆ.